ಪೈಪ್ ಕೆಲಸದ ನಂತರ ಅಡುಗೆಮನೆಯ ನಲ್ಲಿ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಮುಂಬಯಿಯ ಹಳೆಯ ಹೌಸಿಂಗ್ ಸೊಸೈಟಿಗಳಲ್ಲಿ ಪೈಪ್ ಬದಲಿಸುವ ಕೆಲಸ ಒಂದಲ್ಲ ಒಂದು ವಿಂಗ್‌ನಲ್ಲಿ ನಡೆಯುತ್ತಲೇ ಇರುತ್ತದೆ. ತುಕ್ಕು ತಿಂದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳನ್ನು ಕಿತ್ತು ಸಿಪಿವಿಸಿ ಅಥವಾ ಯುಪಿವಿಸಿ ಎಂಬ ಪ್ಲಾಸ್ಟಿಕ್ ಪೈಪುಗಳನ್ನು ಹಾಕಿಸುವಾಗ, ಹೇಗೂ ಗೋಡೆ ಒಡೆದಾಗಿದೆ ಎಂದು ಸಿಂಕ್ ಮತ್ತು ನಲ್ಲಿಯನ್ನೂ ಹೊಸದು ಮಾಡಿಸಿಕೊಳ್ಳುವವರು ಬಹಳ ಮಂದಿ. ಪ್ಲಂಬರ್ ಲೆಕ್ಕ ಚುಕ್ತಾ ಮಾಡಿಕೊಂಡು ಹೋದ ಒಂದೆರಡು ದಿನಗಳಲ್ಲಿ ನಲ್ಲಿಯ ಧಾರೆ ಸಣ್ಣದಾಗುತ್ತದೆ, ಅಥವಾ ನಿಲ್ಲಿಸಿದರೂ ತೊಟ್ಟಿಕ್ಕುತ್ತದೆ, ಅಥವಾ ಸಿಂಕಿನ ಕೆಳಗಿನ ಕಪಾಟಿನಲ್ಲಿ ಇಟ್ಟ ಈರುಳ್ಳಿ ಬುಟ್ಟಿ ಒದ್ದೆಯಾಗಿರುತ್ತದೆ. ಆಗ ಮೊದಲು ಬೈಗುಳ ತಿನ್ನುವುದು ಹೊಸ ನಲ್ಲಿ. ಆದರೆ ಪೈಪ್ ಕೆಲಸದ ಬೆನ್ನಿಗೇ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ನಲ್ಲಿಯದೇ ದೋಷ ಎನ್ನುವಂಥದು ಕಡಿಮೆ. ಕೊಳವೆಯೊಳಗೆ ಉಳಿದ ಕಸ, ಅರ್ಧ ತೆರೆದ ಕಾಕ್, ಸಿಕ್ಕಿಕೊಂಡ ಗಾಳಿ, ಸರಿಯಾಗಿ ಕೂರದ ವಾಶರ್, ಹೆಚ್ಚಿನ ಮನೆಗಳಲ್ಲಿ ಕಾರಣ ಈ ನಾಲ್ಕರಲ್ಲಿ ಒಂದಾಗಿರುತ್ತದೆ. ಆದ್ದರಿಂದ ಹುಡುಕಾಟವು ನೀರು ಬರುವ ದಾರಿಯಲ್ಲೇ ಸಾಗಬೇಕು, ಮತ್ತು ಸುಲಭವಾಗಿ ಬಿಚ್ಚಿ ಮತ್ತೆ ಜೋಡಿಸಬಹುದಾದ ಭಾಗಗಳಿಂದ ಆರಂಭವಾಗಬೇಕು. ನಲ್ಲಿಯ ಹೊಟ್ಟೆಯನ್ನು ಬಿಚ್ಚುವುದು ಕೊನೆಯ ಕೆಲಸ.

ಬೇಕಾಗುವ ಸಾಮಾನು ಹೆಚ್ಚೇನೂ ಇಲ್ಲ. ಒಂದು ಹೊಂದಿಸಬಹುದಾದ ಪಾನಾ, ಒಂದು ಇಕ್ಕಳ, ಅಲೆನ್ ಕೀಗಳ ಸಣ್ಣ ಸೆಟ್, ಟೆಫ್ಲಾನ್ ಟೇಪ್, ಹಳೆಯ ಹಲ್ಲುಜ್ಜುವ ಬ್ರಶ್, ಒಂದು ಬಕೆಟ್, ಟಾರ್ಚ್ ಮತ್ತು ಒಣ ಬಟ್ಟೆ ಇದ್ದರೆ ಸಾಕು. ಕೆಲಸ ಶುರು ಮಾಡುವ ಮೊದಲು ಸಿಂಕಿನ ತೂತಿಗೆ ಬಟ್ಟೆ ತುರುಕಿ, ಇಲ್ಲವಾದರೆ ಕಡಲೆ ಗಾತ್ರದ ಸ್ಕ್ರೂ ಒಂದು ಜಾರಿ ಒಳಗೆ ಹೋದರೆ ಇಡೀ ಸಂಜೆ ಅದರ ಹಿಂದೆ ಹೋಗುತ್ತದೆ. ಮನೆಯಲ್ಲಿ ಗೀಸರ್ ಇದ್ದರೆ ಅದರ ಸ್ವಿಚ್ ಆರಿಸಿಡಿ. ಪೈಪಿನ ಕೆಲಸಕ್ಕಾಗಿ ಗೀಸರಿನ ಟ್ಯಾಂಕ್ ಖಾಲಿಯಾಗಿರಬಹುದು. ಬಿಸಿನೀರಿನ ನಲ್ಲಿಯಲ್ಲಿ ಗಾಳಿಯ ಸದ್ದಿಲ್ಲದೆ ಒಂದೇ ಸಮನೆ ನೀರು ಬರುವ ತನಕ ಗೀಸರನ್ನು ಹಾಕಲೇಬಾರದು, ಏಕೆಂದರೆ ನೀರಿಲ್ಲದೆ ಕಾದ ಕಾಯಿಲ್ ಸುಟ್ಟುಹೋಗುತ್ತದೆ.

ಮೊದಲು ಮನೆಯ ಹೊರಗಿನದನ್ನು ವಿಚಾರಿಸಿ

ಮುಂಬಯಿಯಲ್ಲಿ ಮಹಾನಗರಪಾಲಿಕೆಯ ನೀರು ಹೆಚ್ಚಿನ ಪ್ರದೇಶಗಳಿಗೆ ದಿನವಿಡೀ ಬರುವುದಿಲ್ಲ, ಆಯಾ ಪ್ರದೇಶಕ್ಕೆ ಗೊತ್ತುಮಾಡಿದ ವೇಳೆಯಲ್ಲಿ ಮಾತ್ರ ಬರುತ್ತದೆ. ಅದು ಕಟ್ಟಡದ ನೆಲದಡಿಯ ಟ್ಯಾಂಕಿಗೆ ಬಿದ್ದು, ಪಂಪಿನಿಂದ ಟೆರೇಸಿನ ಟ್ಯಾಂಕಿಗೆ ಏರಿ, ಅಲ್ಲಿಂದ ತನ್ನ ಭಾರದಿಂದಲೇ ಮನೆಮನೆಗೆ ಇಳಿಯುತ್ತದೆ. ಕೆಲವು ಹಳೆಯ ಕಟ್ಟಡಗಳಲ್ಲಿ ಅಡುಗೆಮನೆಗೆ ಪಾಲಿಕೆಯ ನೇರ ಲೈನ್ ಇರುತ್ತದೆ, ಸ್ನಾನದ ಮನೆಗೆ ಮಾತ್ರ ಟೆರೇಸಿನ ಟ್ಯಾಂಕಿನ ನೀರು. ನಿಮ್ಮ ಕಟ್ಟಡದಲ್ಲಿ ಯಾವ ವ್ಯವಸ್ಥೆ ಇದೆ ಎಂಬುದನ್ನು ವಾಚ್‌ಮನ್ ಅಥವಾ ಪಂಪ್ ನೋಡಿಕೊಳ್ಳುವವರಲ್ಲಿ ಕೇಳಿಕೊಳ್ಳಿ. ನೇರ ಲೈನಿನ ನಲ್ಲಿಯು ನೀರಿನ ವೇಳೆ ಮುಗಿದ ಮೇಲೆ ಬತ್ತಿದರೆ ಅದು ರೋಗವಲ್ಲ.

ಆಮೇಲೆ ನಿಮ್ಮ ಮೇಲಿನ ಮತ್ತು ಕೆಳಗಿನ ಮನೆಯವರನ್ನು ಕೇಳಿ. ಅಡುಗೆಮನೆಯ ಲೈನ್ ಸಾಮಾನ್ಯವಾಗಿ ಒಂದರ ಮೇಲೊಂದು ಇರುವ ಮನೆಗಳಿಗೆ ಒಂದೇ ಕೊಳವೆಯಾಗಿ ಇಳಿಯುವುದರಿಂದ, ಪಕ್ಕದ ಮನೆಯಲ್ಲಿ ನೀರು ಸರಿಯಾಗಿ ಬರುತ್ತಿದೆ ಎಂಬುದರಿಂದ ಏನೂ ತಿಳಿಯದು. ಮೇಲೂ ಕೆಳಗೂ ನೀರು ಸಣ್ಣಗಿದ್ದರೆ ಟೆರೇಸಿನ ವಾಲ್ವ್ ಪೂರ್ತಿ ತೆರೆದಿಲ್ಲ ಅಥವಾ ಇಳಿಯುವ ಕೊಳವೆಯಲ್ಲಿ ಗಾಳಿ ಕೂತಿದೆ ಎಂದು ಅರ್ಥ. ಎತ್ತರದ ಟವರುಗಳಲ್ಲಿ ಕೆಳಗಿನ ಮಹಡಿಗಳಿಗೆ ಒತ್ತಡ ತಗ್ಗಿಸುವ ವಾಲ್ವ್ ಇರುತ್ತದೆ, ಅದರ ಜಾಲರಿಯೂ ಕೆಲಸದ ಕಸದಿಂದ ಕಟ್ಟಿಕೊಳ್ಳಬಹುದು. ಇವು ಸೊಸೈಟಿಯವರು ನೋಡಬೇಕಾದವು, ನೀವು ಮನೆಯೊಳಗೆ ಪಾನಾ ಹಿಡಿಯಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಮಾತ್ರ ತೊಂದರೆ ಇದ್ದರೆ ಮುಂದಕ್ಕೆ ಹೋಗಬಹುದು.

ಗಾಳಿಯ ವಿಷಯ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನೀರು ನಿಲ್ಲಿಸಿ ಮತ್ತೆ ಬಿಟ್ಟಾಗ ನಲ್ಲಿಯು ಕೆಮ್ಮಿದಂತೆ ಸಿಡಿಯುವುದು ಸಹಜ. ಮನೆಯ ನಲ್ಲಿಗಳನ್ನೆಲ್ಲ ಅರ್ಧದಷ್ಟು ತೆರೆದು ಕೆಲವು ನಿಮಿಷ ಬಿಟ್ಟರೆ ಗಾಳಿ ಹೊರಟುಹೋಗುತ್ತದೆ. ಒಂದೆರಡು ದಿನಗಳಾದರೂ ಸಿಡಿಯುವುದು ನಿಲ್ಲದಿದ್ದರೆ ಟ್ಯಾಂಕಿನಿಂದ ಇಳಿಯುವ ಲೈನಿನ ಗಾಳಿಕೊಳವೆ ಮುಚ್ಚಿಹೋಗಿದೆಯೇ, ಟ್ಯಾಂಕಿನಲ್ಲಿ ನೀರು ಆಗಾಗ ತಳಕ್ಕೆ ಮುಟ್ಟುತ್ತಿದೆಯೇ ಎಂದು ನೋಡಿಸಬೇಕು.

ನಲ್ಲಿಯ ಬಾಯಿಯ ಜಾಲರಿ

ಧಾರೆ ಸಣ್ಣದಾಗಿದೆ, ಅಥವಾ ಓರೆಯಾಗಿ ಹಾರುತ್ತಿದೆ ಎಂದರೆ ಮೊದಲು ಬಿಚ್ಚಬೇಕಾದದ್ದು ನಲ್ಲಿಯ ತುದಿಯಲ್ಲಿರುವ ಏರೇಟರ್. ಪ್ಲಂಬರುಗಳು ಇದನ್ನು ಜಾಲಿ ಎನ್ನುತ್ತಾರೆ. ಹೊಸ ಕೊಳವೆಯಲ್ಲಿ ಹರಿದುಬಂದ ಕಸವೆಲ್ಲ ಬಂದು ನಿಲ್ಲುವುದು ಇಲ್ಲಿಯೇ. ಕೈಯಿಂದ ತಿರುಗದಿದ್ದರೆ ಅದರ ಸುತ್ತ ದಪ್ಪ ಬಟ್ಟೆ ಸುತ್ತಿ ಇಕ್ಕಳದಿಂದ ಮೆಲ್ಲಗೆ ತಿರುಗಿಸಿ. ಬಟ್ಟೆಯಿಲ್ಲದೆ ಇಕ್ಕಳ ಹಾಕಿದರೆ ಕ್ರೋಮ್ ಹೊಳಪಿನ ಮೇಲೆ ಹಲ್ಲಿನ ಗುರುತು ಉಳಿಯುತ್ತದೆ. ಕೆಲವು ಹೊಸ ನಲ್ಲಿಗಳಲ್ಲಿ ಏರೇಟರ್ ಬಾಯಿಯ ಒಳಗೇ ಹುದುಗಿರುತ್ತದೆ. ಅದನ್ನು ತೆಗೆಯಲು ಹಲ್ಲುಗಳಿರುವ ಒಂದು ಪುಟ್ಟ ಪ್ಲಾಸ್ಟಿಕ್ ಕೀ ಬೇಕು. ಅದು ನಲ್ಲಿಯ ಡಬ್ಬಿಯಲ್ಲೇ ಬಂದಿರುತ್ತದೆ, ಆ ಡಬ್ಬಿ ಟೈಲ್ಸ್ ಚೂರುಗಳ ಚೀಲದೊಂದಿಗೆ ಕಸಕ್ಕೆ ಹೋಗಿರುತ್ತದೆ. ಕೆಲಸ ನಡೆಯುವಾಗಲೇ ಡಬ್ಬಿ ಕೇಳಿ ಇಟ್ಟುಕೊಳ್ಳುವುದು ಜಾಣತನ.

ಬಿಚ್ಚಿದ ಜಾಲರಿಯನ್ನು ತೊಳೆಯುವ ಮುನ್ನ ಒಂದು ಬಿಳಿ ತಟ್ಟೆಯ ಮೇಲೆ ಕೊಡವಿ, ಬಿದ್ದದ್ದನ್ನು ಬೆಳಕಿಗೆ ಹಿಡಿದು ನೋಡಿ. ನನ್ನ ಅಭಿಪ್ರಾಯದಲ್ಲಿ ಇಡೀ ಹುಡುಕಾಟದಲ್ಲಿ ಇದಕ್ಕಿಂತ ಉಪಯುಕ್ತವಾದ ಹೆಜ್ಜೆ ಇನ್ನೊಂದಿಲ್ಲ, ಆದರೆ ಹೆಚ್ಚಿನವರು ಅದನ್ನು ನೇರವಾಗಿ ನೀರಿಗೆ ಹಿಡಿದು ಸಾಕ್ಷಿಯನ್ನೇ ತೊಳೆದುಬಿಡುತ್ತಾರೆ. ಕೆನೆಬಣ್ಣದ ಸಣ್ಣ ಸುರುಳಿಗಳು, ಪುಡಿಗಳು ಇದ್ದರೆ ಅವು ಸಿಪಿವಿಸಿ ಪೈಪನ್ನು ಗರಗಸದಿಂದ ಕೊಯ್ದಾಗ ಒಳಗೆ ಉಳಿದ ಹೊಟ್ಟು. ಒಂದೆರಡು ಸಲ ತೊಳೆದರೆ ಮುಗಿಯುತ್ತದೆ. ಬಿಳಿಯ ಮೃದುವಾದ ಎಳೆಗಳು ಟೆಫ್ಲಾನ್ ಟೇಪಿನ ಹರುಕು. ಎಣ್ಣೆ ಮೆತ್ತಿದ ನಾರಿನಂಥದು ಕಂಡರೆ ಅದು ಜಿಐ ಪೈಪಿನ ಜೋಡಣೆಗೆ ಸಫೇದಾ ಎಂಬ ಬಿಳಿ ಲೇಪ ಹಚ್ಚಿ ಸುತ್ತುವ ಸೂತಲಿ. ಬೂದುಬಣ್ಣದ ಮರಳು ಸಿಕ್ಕರೆ ಟೈಲ್ಸ್ ಕೂರಿಸುವಾಗ ಕೊಳವೆಯ ಬಾಯಿಗೆ ಪ್ಲಗ್ ಹಾಕದೆ ತೆರೆದೇ ಬಿಟ್ಟಿದ್ದರು ಎಂದು ತಿಳಿಯಬೇಕು. ಇಂಥ ಮರಳು ನಲ್ಲಿಯ ಒಳಭಾಗಕ್ಕೆ ಅತ್ಯಂತ ಕೆಟ್ಟದ್ದು. ಕಂದು ಕೆಂಪಿನ ಗಡುಸು ಚಕ್ಕೆಗಳು ತುಕ್ಕು, ಅಂದರೆ ನಿಮ್ಮ ಮನೆಯೊಳಗೆ ಹೊಸ ಪೈಪ್ ಬಂದಿದ್ದರೂ ಅದಕ್ಕಿಂತ ಮೇಲೆ ಎಲ್ಲೋ ಜಿಐ ಪೈಪ್ ಉಳಿದಿದೆ. ಸುತ್ತಿಗೆಯ ಪೆಟ್ಟಿಗೆ ಅದು ಅಲುಗಾಡಿರುವುದರಿಂದ ತುಕ್ಕು ಕೆಲವು ವಾರ ಬರುತ್ತಲೇ ಇರಬಹುದು. ಕಪ್ಪು ರಬ್ಬರಿನ ಚೂರುಗಳು ಮಾತ್ರ ಎಚ್ಚರಿಕೆಯ ಸೂಚನೆ. ಯಾವುದೋ ವಾಶರನ್ನು ಅತಿಯಾಗಿ ಬಿಗಿದು ಹರಿದಿದ್ದಾರೆ, ಅಲ್ಲಿ ಇಂದಲ್ಲ ನಾಳೆ ನೀರು ಸೋರುತ್ತದೆ.

ಜಾಲರಿ ಇಲ್ಲದೆಯೇ ನಲ್ಲಿಯನ್ನು ಮೊದಲು ಮೆಲ್ಲಗೆ, ಆಮೇಲೆ ಪೂರ್ತಿಯಾಗಿ ತೆರೆದು ಎರಡು ಮೂರು ನಿಮಿಷ ಹರಿಯಬಿಡಿ. ಆ ನೀರನ್ನು ಬಕೆಟ್‌ನಲ್ಲಿ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳಿ. ಧಾರೆ ದಪ್ಪವಾಗಿ ಬಂದರೆ ದೋಷ ಜಾಲರಿಯದೇ. ಅದನ್ನು ಬ್ರಶ್ಶಿನಿಂದ ಉಜ್ಜಿ ಮೊದಲಿನಂತೆ ಕೂರಿಸಿದರಾಯಿತು. ಒಳಗಿನ ತಟ್ಟೆಗಳು ಯಾವ ಕ್ರಮದಲ್ಲಿದ್ದವೆಂದು ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದರೆ ತಲೆನೋವಿಲ್ಲ. ಮುಂಬಯಿಗೆ ಬರುವುದು ಭಾತ್ಸಾ, ವೈತರಣಾ, ತಾನ್ಸಾ ಮೊದಲಾದ ಜಲಾಶಯಗಳ ಮೆದುನೀರಾದ್ದರಿಂದ ಬಿಳಿ ಉಪ್ಪಿನ ಪದರ ಅಷ್ಟಾಗಿ ಕಟ್ಟುವುದಿಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬೆರೆಯುವ ಕಡೆ ಮಾತ್ರ ಜಾಲರಿಯನ್ನು ಅರ್ಧಗಂಟೆ ವಿನೆಗರ್ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ನೆನೆಸಬೇಕಾಗುತ್ತದೆ. ರಾತ್ರಿಯಿಡೀ ನೆನೆಸಬೇಡಿ, ಲೇಪ ಮಾಸುತ್ತದೆ.

ಸಿಂಕಿನ ಕೆಳಗೆ ಬಕೆಟ್ ಪರೀಕ್ಷೆ

ಜಾಲರಿ ತೆಗೆದರೂ ನೀರು ಸಣ್ಣಗೇ ಬರುತ್ತಿದ್ದರೆ ಸಿಂಕಿನ ಕೆಳಗಿನ ಕಪಾಟನ್ನು ಖಾಲಿ ಮಾಡಿ ಟಾರ್ಚ್ ಹಿಡಿಯಿರಿ. ಕಟ್ಟೆಯ ಮೇಲೆ ನಿಲ್ಲಿಸಿದ ನಲ್ಲಿಯಾದರೆ ಗೋಡೆಯಿಂದ ಹೊರಬಂದ ಆಂಗಲ್ ಕಾಕ್ (ನಲ್ಲಿಗೆ ಹೋಗುವ ನೀರನ್ನು ತೆರೆದು ಮುಚ್ಚುವ ಸಣ್ಣ ವಾಲ್ವ್), ಅಲ್ಲಿಂದ ನಲ್ಲಿಗೆ ಹೋಗುವ ಹೆಣೆದ ಕನೆಕ್ಷನ್ ಪೈಪ್ ಕಾಣುತ್ತವೆ. ಆಂಗಲ್ ಕಾಕ್ ಪೂರ್ತಿ ತೆರೆದಿದೆಯೇ ಎಂಬುದನ್ನು ಕೈಯಿಂದಲೇ ತಿರುಗಿಸಿ ಖಚಿತಪಡಿಸಿಕೊಳ್ಳಿ. ಕೆಲಸ ಮುಗಿದಾಗ ಪರೀಕ್ಷೆಗೆಂದು ಅರ್ಧ ತೆರೆದು ಹಾಗೆಯೇ ಬಿಟ್ಟು ಹೋಗುವುದು ತೀರಾ ಸಾಮಾನ್ಯ. ಕನೆಕ್ಷನ್ ಪೈಪ್ ಎಲ್ಲಿಯಾದರೂ ಮಡಿಸಿಕೊಂಡಿದೆಯೇ ಎಂಬುದನ್ನೂ ನೋಡಿ. ಉದ್ದ ಹೆಚ್ಚಾದ ಪೈಪನ್ನು ಕಸದ ಡಬ್ಬಿಯ ಹಿಂದೆ ಒತ್ತಿ ತೂರಿಸಿದ್ದರೆ ಅದು ಒಳಗೆ ನುಲಿಯುತ್ತದೆ. ನೀರು ಶುದ್ಧಿ ಮಾಡುವ ಯಂತ್ರಕ್ಕೆಂದು ನಡುವೆ ಹಾಕಿದ ಸಣ್ಣ ಜೋಡಣೆಯೂ ದಾರಿಯನ್ನು ಕಿರಿದು ಮಾಡಬಲ್ಲದು.

ಈಗ ನಿಜವಾದ ಪರೀಕ್ಷೆ. ಆಂಗಲ್ ಕಾಕ್ ಮುಚ್ಚಿ, ನಲ್ಲಿಯನ್ನು ತೆರೆದು ಒಳಗಿನ ಒತ್ತಡ ಕಳೆಯಿರಿ. ಕನೆಕ್ಷನ್ ಪೈಪಿನ ಮೇಲಿನ ತುದಿಯನ್ನು ನಲ್ಲಿಯಿಂದ ಬಿಚ್ಚಿ ಬಕೆಟ್ಟಿಗೆ ಇಳಿಬಿಟ್ಟು, ಇನ್ನೊಬ್ಬರು ಪೈಪನ್ನು ಬಿಗಿಯಾಗಿ ಹಿಡಿದಿರುವಾಗ ಕಾಕನ್ನು ನಿಧಾನವಾಗಿ ತೆರೆಯಿರಿ. ಎರಡು ಲೀಟರಿನ ಪಾತ್ರೆ ಇಪ್ಪತ್ತು ಸೆಕೆಂಡಿನೊಳಗೆ ತುಂಬಿದರೆ ನಿಮಿಷಕ್ಕೆ 6 ಲೀಟರ್ ಬಂದಂತಾಯಿತು, ಅಡುಗೆಮನೆಗೆ ಅದು ಧಾರಾಳ. ಅಲ್ಲಿಗೆ ನೀರು ಚೆನ್ನಾಗಿ ಬಂದು ನಲ್ಲಿಯಲ್ಲಿ ಬರದಿದ್ದರೆ ಕಸ ಸಿಕ್ಕಿರುವುದು ನಲ್ಲಿಯ ಒಳಗೆ. ಅಲ್ಲಿಯೂ ಸಣ್ಣಗಿದ್ದರೆ ಕನೆಕ್ಷನ್ ಪೈಪಿನ ಕೆಳಗಿನ ತುದಿಯನ್ನು ಬಿಚ್ಚಿ ಆಂಗಲ್ ಕಾಕಿನ ಬಾಯಲ್ಲೇ ಇದೇ ಪರೀಕ್ಷೆ ಮಾಡಿ. ಗೋರೆಗಾಂವ್‌ನಲ್ಲಿ ಪರಿಚಿತರೊಬ್ಬರು ಧಾರೆ ಸಣ್ಣದೆಂದು ನಲ್ಲಿಯನ್ನೇ ಬದಲಿಸಿದ್ದರು, ಹೊಸದರಲ್ಲೂ ಅದೇ ಕತೆ. ಕೊನೆಗೆ ಆಂಗಲ್ ಕಾಕ್ ಬಿಚ್ಚಿ ನೋಡಿದಾಗ ಬೆರಳಿನುದ್ದದ ಸೂತಲಿ ಅದರ ಬಾಯಿಗೆ ಅಡ್ಡಲಾಗಿ ಹೆಣೆದುಕೊಂಡಿತ್ತು.

ಆಂಗಲ್ ಕಾಕಿನಲ್ಲೂ ನೀರು ಸಣ್ಣಗಿದ್ದು, ಮೇಲಿನ ಕೆಳಗಿನ ಮನೆಗಳಲ್ಲಿ ಸರಿಯಾಗಿದ್ದರೆ ತೊಂದರೆ ಗೋಡೆಯೊಳಗಿನ ಲೈನಿನಲ್ಲಿದೆ. ಮನೆಯ ಮುಖ್ಯ ವಾಲ್ವ್ ಪೂರ್ತಿ ತೆರೆದಿಲ್ಲದಿರಬಹುದು. ಅದು ತೆರೆದಿದ್ದರೆ ಸಂಶಯ ಸಿಪಿವಿಸಿ ಜೋಡಣೆಗೆ ಬಳಿದ ಸಾಲ್ವೆಂಟ್ ಸಿಮೆಂಟ್ ಎಂಬ ಅಂಟಿನ ಮೇಲೆ ಹೋಗುತ್ತದೆ. ಅದನ್ನು ಅತಿಯಾಗಿ ಬಳಿದರೆ ಹೆಚ್ಚಾದದ್ದು ಒಳಕ್ಕೆ ತಳ್ಳಿಕೊಂಡು ಎಲ್ಬೋದೊಳಗೆ (ಪೈಪಿನ ತಿರುವಿನ ಜೋಡಣೆಯೊಳಗೆ) ಉಂಗುರದಂತೆ ಗಟ್ಟಿಯಾಗುತ್ತದೆ. ಇದು ಪ್ಲಂಬರನನ್ನೇ ಮರಳಿ ಕರೆಸಬೇಕಾದ ವಿಷಯ.

ಮೇಲಿನ ಮಹಡಿಯವರ ಸಮಸ್ಯೆ

ಎಲ್ಲವೂ ಸರಿಯಿದ್ದು, ಹಳೆಯ ನಲ್ಲಿಯಲ್ಲಿ ಬರುತ್ತಿದ್ದಷ್ಟು ನೀರು ಹೊಸದರಲ್ಲಿ ಬರುತ್ತಿಲ್ಲ ಎಂಬ ದೂರು ಹೆಚ್ಚಾಗಿ ಕೇಳಿಬರುವುದು ಟೆರೇಸಿನ ಕೆಳಗಿನ ಒಂದೆರಡು ಮಹಡಿಗಳಿಂದ. ಇದಕ್ಕೆ ಲೆಕ್ಕವಿದೆ. ನೀರಿನ 10 ಮೀಟರ್ ಎತ್ತರ ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಒಂದು ಮಹಡಿ ಸುಮಾರು 3 ಮೀಟರ್ ಎಂದಿಟ್ಟುಕೊಂಡರೆ ಏಳು ಮಹಡಿಯ ಕಟ್ಟಡದ ನೆಲಮಹಡಿಗೆ 2 ಬಾರ್ ಮೀರಿ ಸಿಗುತ್ತದೆ, ಆದರೆ ಏಳನೆಯ ಮಹಡಿಯ ನಲ್ಲಿಗೂ ಟ್ಯಾಂಕಿನ ನೀರಿಗೂ ನಡುವೆ ನಾಲ್ಕು ಮೀಟರ್ ಇದ್ದರೆ ಅಲ್ಲಿಗೆ ಸಿಗುವುದು 0.4 ಬಾರ್ ಮಾತ್ರ. ಒಂದೇ ಹಿಡಿಯಿಂದ ಬಿಸಿನೀರು ತಣ್ಣೀರು ಬೆರೆಸುವ ಅನೇಕ ಆಧುನಿಕ ಸಿಂಗಲ್ ಲಿವರ್ ಮಿಕ್ಸರುಗಳು, ಉದ್ದ ಕತ್ತಿನ ನಲ್ಲಿಗಳು, ಎಳೆದು ಬಳಸುವ ಸ್ಪ್ರೇ ನಲ್ಲಿಗಳು ಇದಕ್ಕಿಂತ ಹೆಚ್ಚಿನ ಒತ್ತಡವನ್ನು ಎಣಿಸಿ ಮಾಡಿದವು, ಅವುಗಳ ಒಳದಾರಿಯೂ ಕಿರಿದು. ಗೋಡೆಗೆ ಕೂರಿಸುವ ಸಾದಾ ಸಿಂಕ್ ಕಾಕ್‌ನ ಅಗಲವಾದ ದಾರಿಯಲ್ಲಿ ಅಷ್ಟೇ ಒತ್ತಡದಲ್ಲಿ ಧಾರಾಳ ನೀರು ಬರುತ್ತದೆ. ಹೀಗಿರುವಾಗ ಪ್ಲಂಬರನನ್ನು ದೂರಿ ಪ್ರಯೋಜನವಿಲ್ಲ. ನಲ್ಲಿಯ ಡಬ್ಬಿಯ ಮೇಲೆ ಬರೆದ ಕನಿಷ್ಠ ಒತ್ತಡವನ್ನು ಓದಿ, ಕಡಿಮೆ ಒತ್ತಡಕ್ಕೆ ಹೊಂದುವ ನಲ್ಲಿಯನ್ನೋ ಏರೇಟರನ್ನೋ ತರುವುದೇ ಅಗ್ಗದ ದಾರಿ. ಟೆರೇಸಿನಿಂದ ಇಳಿಯುವ ಲೈನಿಗೆ ಸಣ್ಣ ಬೂಸ್ಟರ್ ಪಂಪ್ ಕೂರಿಸಬಹುದು, ಅದಕ್ಕೆ ಸೊಸೈಟಿಯ ಒಪ್ಪಿಗೆ ಬೇಕು. ಪಾಲಿಕೆಯ ನೇರ ಲೈನಿಗೆ ಮಾತ್ರ ಪಂಪ್ ಹಾಕುವಂತಿಲ್ಲ. ಅದು ಕಾನೂನಿಗೆ ವಿರುದ್ಧ, ಅಲ್ಲದೆ ಪಕ್ಕದವರ ಪಾಲನ್ನು ಎಳೆದುಕೊಂಡಂತೆ.

ಬಿಸಿನೀರಿನ ಕಡೆ ಮಾತ್ರ ತೊಂದರೆಯಿದ್ದರೆ

ಮಿಕ್ಸರ್ ನಲ್ಲಿಯಾದರೆ ಲಿವರನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ಹಿಡಿದು ಎರಡನ್ನೂ ಬೇರೆ ಬೇರೆಯಾಗಿ ನೋಡಿ. ತಣ್ಣೀರು ಸರಿಯಿದ್ದು ಬಿಸಿನೀರು ಮಾತ್ರ ಸಣ್ಣಗಿದ್ದರೆ ಗೀಸರಿನ ಒಳಹರಿವಿನ ಕಾಕ್ ಮತ್ತು ಅಲ್ಲಿರುವ ಒಮ್ಮುಖ ವಾಲ್ವನ್ನು ಪರೀಕ್ಷಿಸಬೇಕು. ಆ ವಾಲ್ವಿನ ಮೇಲೆ ಬಾಣದ ಗುರುತು ಇರುತ್ತದೆ, ಬಾಣ ಗೀಸರಿನ ಕಡೆಗೆ ತೋರಿಸುತ್ತಿರಬೇಕು. ಎಡಕ್ಕೆ ತಿರುಗಿಸಿದಾಗ ತಣ್ಣೀರು ಬರುತ್ತಿದ್ದರೆ ಎರಡು ಕನೆಕ್ಷನ್ ಪೈಪುಗಳನ್ನು ಅದಲುಬದಲು ಮಾಡಿ ಕೂರಿಸಿದ್ದಾರೆ, ಕೆಳಗಿನಿಂದಲೇ ಬದಲಿಸಿದರೆ ಮುಗಿಯಿತು.

ತೊಟ್ಟಿಕ್ಕುವುದು ಮತ್ತು ಸೋರುವುದು

ನಿಲ್ಲಿಸಿದ ಮೇಲೂ ನಲ್ಲಿಯ ಬಾಯಿಂದ ಹನಿ ಬೀಳುವುದು ಒಂದು, ಜೋಡಣೆಗಳಿಂದ ಸೋರುವುದು ಇನ್ನೊಂದು. ಮೊದಲನೆಯದಕ್ಕೆ ಹೊಸ ನಲ್ಲಿಯಲ್ಲಿ ಕಾರಣ ಸಾಮಾನ್ಯವಾಗಿ ಒಂದೇ. ಲಿವರಿನ ಕೆಳಗೆ ನೀರನ್ನು ತೆರೆದು ಮುಚ್ಚುವ ಕಾರ್ಟ್ರಿಡ್ಜ್ ಎಂಬ ಭಾಗದೊಳಗೆ ಒಂದಕ್ಕೊಂದು ಉಜ್ಜಿಕೊಂಡು ತಿರುಗುವ ಎರಡು ಸೆರಾಮಿಕ್ ಬಿಲ್ಲೆಗಳ ನಡುವೆ ಮರಳಿನ ಕಣ ಸಿಕ್ಕಿರುತ್ತದೆ. ಆಗ ಲಿವರನ್ನು ಬಲವಾಗಿ ಒತ್ತಿ ನಿಲ್ಲಿಸಲು ಹೋದರೆ ಕಣವು ಬಿಲ್ಲೆಯನ್ನು ಗೀರುತ್ತದೆ, ಗೀರಿದ ಬಿಲ್ಲೆಗೆ ರಿಪೇರಿಯಿಲ್ಲ. ಜಾಲರಿ ತೆಗೆದು, ಪೂರ್ತಿ ಧಾರೆಯಲ್ಲಿ ಲಿವರನ್ನು ಎಡ ಬಲ ಮೇಲೆ ಕೆಳಗೆ ಹಲವು ಸಲ ಮೆಲ್ಲಗೆ ಆಡಿಸಿ. ಅನೇಕ ಸಲ ಕಣ ತಾನಾಗಿಯೇ ತೊಳೆದುಹೋಗುತ್ತದೆ.

ಹೋಗದಿದ್ದರೆ ಕಾರ್ಟ್ರಿಡ್ಜ್ ಬಿಚ್ಚಬೇಕು. ಅದಕ್ಕೂ ಮೊದಲು ವಾರಂಟಿ ಕಾಗದ ನೋಡಿ. ಕಂಪನಿಯವರೇ ಬಂದು ನೋಡುವ ಕರಾರಿದ್ದರೆ ಕೈ ಹಾಕದಿರುವುದೇ ಮೇಲು. ಇಲ್ಲವಾದರೆ ಆಂಗಲ್ ಕಾಕುಗಳನ್ನು ಮುಚ್ಚಿ, ಲಿವರಿನ ಮೇಲಿರುವ ಕೆಂಪು ನೀಲಿ ಗುರುತಿನ ಬಿಲ್ಲೆಯನ್ನು ಉಗುರಿನಿಂದ ಎಬ್ಬಿಸಿ, ಒಳಗಿನ ಸ್ಕ್ರೂವನ್ನು ಅಲೆನ್ ಕೀಯಿಂದ ಸಡಿಲಿಸಿ ಲಿವರನ್ನು ಎತ್ತಿ. ಅದರ ಕೆಳಗಿನ ಗುಮ್ಮಟ, ಅದರ ಕೆಳಗಿನ ನಟ್ ತೆಗೆದರೆ ಕಾರ್ಟ್ರಿಡ್ಜ್ ಮೇಲಕ್ಕೆ ಬರುತ್ತದೆ. ಅದನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಆಡಿಸಿ ತೊಳೆಯಿರಿ, ಅದು ಕೂರುವ ಗುಳಿಯನ್ನು ಬಟ್ಟೆ ಸುತ್ತಿದ ಬೆರಳಿನಿಂದ ಒರೆಸಿ. ಮರಳಿ ಇಡುವಾಗ ಕಾರ್ಟ್ರಿಡ್ಜಿನ ತಳದ ಮೊಳೆಗಳು ಗುಳಿಯ ತೂತುಗಳಿಗೆ ಸರಿಯಾಗಿ ಕೂರಬೇಕು, ತಳದ ರಬ್ಬರ್ ಉಂಗುರಗಳು ಹೊರಳಿರಬಾರದು. ನಟ್ಟನ್ನು ಅತಿಯಾಗಿ ಬಿಗಿದರೆ ಲಿವರ್ ಕಲ್ಲಿನಂತೆ ಬಿಗಿಯಾಗುತ್ತದೆ. ಬಿಲ್ಲೆ ಗೀರಿದ್ದರೆ ಹಳೆಯ ಕಾರ್ಟ್ರಿಡ್ಜನ್ನೇ ಜೇಬಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. 35 ಮತ್ತು 40 ಮಿಲಿಮೀಟರ್ ಎರಡೂ ಚಾಲ್ತಿಯಲ್ಲಿರುವುದರಿಂದ ಬರಿಯ ಬಾಯಿಮಾತಿನ ಅಳತೆ ಕೆಲಸಕ್ಕೆ ಬಾರದು. ಬಡಾವಣೆಯ ಅಂಗಡಿಯಲ್ಲಿ ಸಿಗದಿದ್ದರೆ ದಕ್ಷಿಣ ಮುಂಬಯಿಯ ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಬಹುದು.

ಜೋಡಣೆಯ ಸೋರಿಕೆಯನ್ನು ಹುಡುಕುವಾಗ ಕಣ್ಣನ್ನು ನಂಬಬಾರದು, ನೀರು ಮೇಲೆ ಸೋರಿ ಕೆಳಗೆ ತೊಟ್ಟಿಕ್ಕುತ್ತದೆ. ಎಲ್ಲವನ್ನೂ ಒಣಗಿಸಿ ಒರೆಸಿ, ಪ್ರತಿಯೊಂದು ಜೋಡಣೆಗೂ ಟಿಶ್ಯೂ ಕಾಗದದ ಒಂದು ತುಂಡು ಸುತ್ತಿ ಅರ್ಧಗಂಟೆ ಬಿಡಿ. ಎಲ್ಲಕ್ಕಿಂತ ಮೇಲೆ ಒದ್ದೆಯಾದ ತುಂಡಿನ ಜಾಗವೇ ಅಪರಾಧಿ. ಕನೆಕ್ಷನ್ ಪೈಪಿನ ತುದಿಯಲ್ಲಿ ರಬ್ಬರ್ ವಾಶರ್ ಇರುವುದರಿಂದ ಅಲ್ಲಿ ಟೇಪ್ ಬೇಕಾಗಿಲ್ಲ. ಕೈಯಿಂದ ಬಿಗಿದು ಪಾನಾದಿಂದ ಕಾಲು ಸುತ್ತು ಹಾಕಿದರೆ ಸಾಕು, ಮತ್ತೂ ಬಿಗಿದರೆ ವಾಶರ್ ಹರಿಯುತ್ತದೆ. ಗೋಡೆಯ ಹಿತ್ತಾಳೆ ಜೋಡಣೆಗೆ ತಿರುಗುವ ಆಂಗಲ್ ಕಾಕಿಗೆ ಮಾತ್ರ ಟೇಪ್ ಅಗತ್ಯ. ಮನೆಯ ಮುಖ್ಯ ವಾಲ್ವ್ ಮುಚ್ಚಿ, ಕಾಕನ್ನು ಬಿಚ್ಚಿ, ಹಳೆಯ ಟೇಪನ್ನು ಪೂರ್ತಿ ಕಿತ್ತು, ಕಾಕಿನ ತಿರುಪು ಸುತ್ತುಗಳಿರುವ ತುದಿಯನ್ನು ನಿಮ್ಮ ಕಡೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಳೆದೆಳೆದು ಹತ್ತರಿಂದ ಹದಿನೈದು ಸುತ್ತು ಸುತ್ತಿ. ತಿರುಗಿಸುತ್ತ ಹೋಗಿ ಕಾಕಿನ ಬಾಯಿ ಸರಿಯಾದ ದಿಕ್ಕಿಗೆ ಬಂದಾಗ ನಿಲ್ಲಿಸಿ. ಸ್ವಲ್ಪ ದಾಟಿತೆಂದು ಹಿಂದಕ್ಕೆ ತಿರುಗಿಸಿದರೆ ಟೇಪ್ ಬಿಟ್ಟುಕೊಳ್ಳುತ್ತದೆ, ಬಿಚ್ಚಿ ಹೊಸದಾಗಿ ಸುತ್ತಬೇಕು.

ವಾಸನೆ ಬಂದರೆ ಕುಡಿಯುವುದನ್ನು ನಿಲ್ಲಿಸಿ

ಹೊಸ ಸಿಪಿವಿಸಿಯಲ್ಲಿ ಸಾಲ್ವೆಂಟಿನ ವಾಸನೆ ಮೊದಲು ಸ್ವಲ್ಪ ಇರುತ್ತದೆ, ನೀರು ಹರಿಯಬಿಟ್ಟಂತೆ ಹೋಗುತ್ತದೆ. ಆದರೆ ನೀರಿನ ರುಚಿಯೇ ಬದಲಾಗಿದ್ದರೆ, ಉಪ್ಪುಪ್ಪಾಗಿದ್ದರೆ, ಬಣ್ಣ ಕಂಡರೆ ಬೇರೆ ಸಂಶಯ ಪಡಬೇಕು. ಮುಂಬಯಿಯ ಅನೇಕ ಕಟ್ಟಡಗಳಲ್ಲಿ ಟೆರೇಸಿನ ಮೇಲೆ ಕುಡಿಯುವ ನೀರಿಗೊಂದು, ಸಂಡಾಸಿನ ಫ್ಲಶ್‌ಗೆ ಬೋರ್ ಅಥವಾ ಬಾವಿ ನೀರಿನದೊಂದು ಟ್ಯಾಂಕ್ ಇರುತ್ತವೆ. ಎರಡೂ ಲೈನುಗಳಿಗೆ ಒಂದೇ ಬಗೆಯ ಹೊಸ ಪೈಪ್ ಹಾಕಿದಾಗ ಅಡುಗೆಮನೆಯ ಜೋಡಣೆ ತಪ್ಪು ಲೈನಿಗೆ ಹೋಗುವ ಸಾಧ್ಯತೆ ಇದೆ. ಪಂಪಿನವರಿಂದ ಫ್ಲಶ್ ಟ್ಯಾಂಕಿನ ವಾಲ್ವನ್ನು ಐದು ನಿಮಿಷ ಮುಚ್ಚಿಸಿ ನಿಮ್ಮ ನಲ್ಲಿಯನ್ನು ತೆರೆದಿಡಿ. ನೀರು ನಿಂತರೆ ಲೈನ್ ತಪ್ಪಿದೆ. ಸರಿಯಾಗುವ ತನಕ ಆ ನೀರನ್ನು ಶುದ್ಧಿಯಂತ್ರದ ಮೂಲಕವೂ ಕುಡಿಯಬೇಡಿ, ಪಾತ್ರೆ ತೊಳೆಯಲೂ ಬಳಸಬೇಡಿ. ಕಮಿಟಿಗೆ ಅಂದೇ ಬರವಣಿಗೆಯಲ್ಲಿ ತಿಳಿಸಿ.

ಪ್ಲಂಬರನನ್ನು ಮರಳಿ ಕರೆಸುವಾಗ

ಬರೀ ‘ಪಾನಿ ಕಮ್ ಆ ರಹಾ ಹೈ’ (ನೀರು ಕಡಿಮೆ ಬರುತ್ತಿದೆ) ಎಂದರೆ ಆತ ಬಂದು ಜಾಲಿ ತೊಳೆದು ಹೋಗುತ್ತಾನೆ. ‘ಆಂಗಲ್ ಕಾಕ್ ತಕ್ ಪ್ರೆಶರ್ ಠೀಕ್ ಹೈ, ನಲ್ ಮೇ ನಹೀಂ’ (ಆಂಗಲ್ ಕಾಕಿನ ತನಕ ಒತ್ತಡ ಸರಿಯಿದೆ, ನಲ್ಲಿಯಲ್ಲಿ ಇಲ್ಲ) ಎಂದೋ, ‘ಆಂಗಲ್ ಕಾಕ್ ಮೇ ಭೀ ಕಮ್ ಹೈ, ಊಪರ್ ನೀಚೇ ಸಬ್ ಠೀಕ್ ಹೈ’ (ಆಂಗಲ್ ಕಾಕಿನಲ್ಲೂ ಕಡಿಮೆ, ಮೇಲೆ ಕೆಳಗೆ ಎಲ್ಲ ಸರಿಯಿದೆ) ಎಂದೋ ಹೇಳಿದರೆ ಸರಿಯಾದ ಸಾಮಾನಿನೊಂದಿಗೆ ಬರುತ್ತಾನೆ. ತಟ್ಟೆಯಲ್ಲಿ ಕೊಡವಿದ ಕಸದ ಫೋಟೋ ಮೊದಲೇ ಕಳುಹಿಸಿದರೆ ಇನ್ನೂ ಒಳ್ಳೆಯದು. ಖರ್ಚಿನ ವಿಷಯದಲ್ಲಿ ಮಹಾರಾಷ್ಟ್ರದ ಸಹಕಾರಿ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಕಟ್ಟಡದ ಸಾಮಾನ್ಯ ನೀರಿನ ಲೈನುಗಳ ದುರಸ್ತಿ ಸೊಸೈಟಿಯದು, ಮನೆಯೊಳಗಿನ ಸಿಂಕ್ ಮತ್ತು ಶೌಚಾಲಯದ ಸೋರಿಕೆಯ ಖರ್ಚು ಆ ಮನೆಯವರದು. ಸಿಂಕಿನ ಕೆಳಗೆ ಸೋರಿದ ನೀರು ಕೆಳಮನೆಯ ಚಾವಣಿಯಲ್ಲಿ ಕಲೆಯಾಗಿ ಕಾಣಿಸಿಕೊಳ್ಳುವ ಮುನ್ನ ಅವರಿಗೆ ಒಂದು ಮಾತು ಹೇಳಿಟ್ಟು, ರಾತ್ರಿ ಮಲಗುವಾಗಲೂ ಊರಿಗೆ ಹೋಗುವಾಗಲೂ ಆ ಆಂಗಲ್ ಕಾಕನ್ನು ಮುಚ್ಚಿಡಿ.